ಹಳೇ ಮಾಲು ವಾಪಸ್ ಇಲ್ಲ

"ಬಿಲ್ಲು ಇಲ್ವೇ ಇಲ್ವಾ?" ಆಕೆ ಮತ್ತೆ ಕೇಳಿದಳು.

"ಇಲ್ಲ ಆಂಟಿ. ಹೇಳಿದ್ನಲ್ಲ, ಅಪ್ಪನ ಕ್ಯಾಮೆರಾ. ಆ ಕಾಲದ ಬಿಲ್ಲು ಈಗೆಲ್ಲಿಂದ ತರಲಿ?"

ಹುಡುಗನಿಗೆ ಇಪ್ಪತ್ತರ ಆಸುಪಾಸು. ವೈರಿಂಗ್ ಕೆಲಸದವನು, ಬೆರಳ ತುದಿಗಳಲ್ಲಿ ಕರಿ ಟೇಪಿನ ಅಂಟು. ಇಂಥವನ ಕೈಗೆ ಇಂಥ ಕ್ಯಾಮೆರಾ ಎಲ್ಲಿಂದ ಬಂತು? ಹೇಳುತ್ತಿದ್ದ ಬೆಲೆಯೂ ಅಂಗಡಿಯವರ ಬೆಲೆಯ ಅರ್ಧದಷ್ಟಿಲ್ಲ. ಕದ್ದ ಮಾಲೇ ಇರಬೇಕು ಎಂಬ ಅನುಮಾನ ಆಕೆಗೆ ಮೆಟ್ಟಿಲು ಹತ್ತುವಾಗಲೇ ಹುಟ್ಟಿತ್ತು.

ಹಾಗೆಂದು ಎದ್ದು ಹೋಗುವಂತಿರಲಿಲ್ಲ. ಗಂಡನ ಸ್ಟುಡಿಯೋದ ಕ್ಯಾಮೆರಾ ಕೈಕೊಟ್ಟು ತಿಂಗಳಾಗಿತ್ತು. ಪಾಸ್‌ಪೋರ್ಟ್ ಫೋಟೋಕ್ಕೆಂದು ಬಂದವರು ಬಾಗಿಲಿನಿಂದಲೇ ಎದುರಿನ ಅಂಗಡಿಗೆ ತಿರುಗುತ್ತಿದ್ದರು. ಹೊಸದು ಕನಸಿನ ಮಾತು. ಪರ್ಸಿನಲ್ಲಿದ್ದದ್ದು ಹನ್ನೊಂದು ಸಾವಿರ, ಊರವರ ರವಿಕೆ ಹೊಲಿದು ಕೂಡಿಟ್ಟದ್ದು. ಜಾಹೀರಾತು ಹುಡುಕಿದವನು ಗಂಡ. "ಇದಾದರೆ ನಮ್ಮ ಕೈಗೆಟಕುತ್ತೆ" ಎಂದಿದ್ದ. ಏನೇನು ನೋಡಬೇಕು, ಹೇಗೆ ನೋಡಬೇಕು ಎಂದು ಬೆಳಿಗ್ಗೆ ಕೂರಿಸಿಕೊಂಡು ಪಾಠ ಮಾಡಿ ಕಳಿಸಿದ್ದ.

ಆಕೆ ಪಾಠ ಒಪ್ಪಿಸಿದಳು. ಲೆನ್ಸನ್ನು ಬೆಳಕಿಗೆ ಹಿಡಿದಳು. ಒಳಗೆ ಬೂಷ್ಟಿಲ್ಲ. ಬಿಳಿ ಗೋಡೆಗೆ ಗುರಿಯಿಟ್ಟು ಒಂದು ಚಿತ್ರ ತೆಗೆದಳು. ಕಲೆಯಿಲ್ಲ. ಕ್ಲಿಕ್ ಸದ್ದಿಗೆ, ಮೂಲೆಯ ಮೇಜಿನಲ್ಲಿ ಇಸ್ತ್ರಿ ಮಾಡುತ್ತಿದ್ದ ಹುಡುಗನ ತಾಯಿಯ ಕೈ ಒಮ್ಮೆ ನಿಂತು ಮತ್ತೆ ಚಲಿಸಿತು.

"ಹಳೇದು ಅನ್ನೋ ಹಾಗೇ ಇಲ್ವಲ್ಲ."

"ಅಮ್ಮ ತಿಂಗಳಿಗೊಂದ್ಸಲ ತೆಗೆದು ಒರೆಸಿ, ಬಟ್ಟೆ ಸುತ್ತಿ ಇಡ್ತಾಳೆ. ನನಗೂ ಮುಟ್ಟೋಕೆ ಬಿಡ್ತಿರಲಿಲ್ಲ."

"ನಿಮ್ಮಪ್ಪ?"

"ತೀರಿಕೊಂಡ್ರು. ನನಗಾಗ ಆರು ವರ್ಷ. ಬಸ್ಸು ಉರುಳಿತಂತೆ. ಅಗೋ, ಫೋಟೋದಲ್ಲಿರೋದು ಅವರೇ."

ಮೀಟರ್ ರೀಡಿಂಗ್ ಓದಿ ಹೇಳುವವನ ಧ್ವನಿ. ಆಕೆ ಗೋಡೆಯತ್ತ ನೋಡಿದಳು. ಕಿಟಕಿಯ ಬೆಳಕು ಗಾಜಿಗೆ ಹೊಡೆದು, ಯಾರದೋ ಹೆಗಲ ಮೇಲಿಂದ ಇಳಿಬಿದ್ದ ಮಗುವಿನ ಎರಡು ಕಾಲುಗಳಷ್ಟೇ ಕಂಡವು.

ಕದ್ದ ಮಾಲಲ್ಲ. ಆಕೆಗೆ ನಾಚಿಕೆಯಾಯಿತು. ಆದರೂ ಚೌಕಾಸಿ ಚೌಕಾಸಿಯೇ.

"ನನ್ನ ಹತ್ರ ಇರೋದೇ ಹನ್ನೊಂದು."

"ಹದಿನೈದಕ್ಕೆ ಒಂದು ಕಾಸೂ ಕಡಿಮೆಯಿಲ್ಲ," ತಾಯಿ ತಿರುಗದೆಯೇ ಹೇಳಿದಳು. "ಅವನಿಗೆ ಡ್ರಿಲ್ ಮೆಷಿನ್ ಬೇಕು. ಸ್ವಂತ ಮೆಷಿನ್ ಇದ್ರೆ ಮಾತ್ರ ಕೆಲಸ ಕೊಡ್ತಾರಂತೆ. ಇಲ್ದಿದ್ರೆ ನಾನು ಇದನ್ನ ಮಾರೋಳೇ ಅಲ್ಲ."

"ಸ್ವಲ್ಪ ಬಿಟ್ಟುಕೊಡಿ ಅಕ್ಕಾ."

"ಬಿಡೋದೆಲ್ಲ ಬಿಟ್ಟಾಗಿದೆ."

ಹುಡುಗ ನಡುವೆ ಬಾಯಿ ಹಾಕಿದ. "ನಿಮ್ಮ ಯಜಮಾನ್ರೇ ಬಂದಿದ್ರೆ ಚೆನ್ನಾಗಿತ್ತು ಆಂಟಿ. ಕೈಲಿ ಹಿಡಿದು ನೋಡದೆ ಕೊಳ್ಳೋದು ಅಂದ್ರೆ ನೀರಲ್ಲಿರೋ ಎಮ್ಮೆಗೆ ಬೆಲೆ ಕಟ್ಟಿದ ಹಾಗೆ."

"ಅವರಿಗೆ ಮಂಡಿ ನೋವು, ಮೂರು ಮಹಡಿ ಹತ್ತೋಕಾಗಲ್ಲ. ಕೆಳಗೆ ಸ್ಕೂಟರ್ ಹತ್ರ ನಿಂತಿದ್ದಾರೆ."

"ಅಷ್ಟೇನಾ? ನಾನೇ ಕೆಳಗೆ ತಂದು ತೋರಿಸ್ತೀನಿ. ಅವರು ನೋಡಿದ್ರೆ ಹದಿನೈದು ಕೊಟ್ಟೇ ಕೊಡ್ತಾರೆ." ಹುಡುಗ ಎದ್ದ.

ತಾಯಿ ಇಸ್ತ್ರಿಯಾದ ಅಂಗಿಯನ್ನು ಬೀದಿ ಕಡೆಯ ಕಿಟಕಿಯ ಸರಳಿಗೆ ತೂಗುಹಾಕಲು ಹೋದವಳು ಅಲ್ಲೇ ನಿಂತಳು. ಹ್ಯಾಂಗರ್ ಸರಳಿಗೆ ಸಿಕ್ಕಿತ್ತು. ಎತ್ತಿದ ಕೈ ಮಾತ್ರ ಕೆಳಗಿಳಿಯಲಿಲ್ಲ. ಕೋಣೆಯಲ್ಲಿ ಬಟ್ಟೆ ಸುಟ್ಟ ವಾಸನೆ ಎದ್ದಿತು. ಮಗ ಓಡಿಹೋಗಿ ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿದ.

"ಅಮ್ಮಾ! ಗಿರಾಕಿ ಬಟ್ಟೆ!"

"ಇರಲಿ ಬಿಡು." ತಾಯಿ ಕಿಟಕಿ ಮುಚ್ಚಿ ಈಚೆ ಬಂದಳು. "ನೀನು ಎಲ್ಲೂ ಇಳಿಯೋದು ಬೇಡ. ಅವರು ತಂದಿರೋ ಅಷ್ಟಕ್ಕೇ ಕೊಟ್ಟುಬಿಡು."

"ಹನ್ನೊಂದಕ್ಕಾ? ಈಗಷ್ಟೇ ನೀನೇ..."

"ಕೊಡು ಅಂದ್ನಲ್ಲ."

ಹುಡುಗ ಪೆಚ್ಚಾಗಿ ಲೆನ್ಸು, ಚಾರ್ಜರು, ಪಟ್ಟಿ ಎಲ್ಲವನ್ನೂ ಬ್ಯಾಗಿಗೆ ತುಂಬಿದ. ತಾಯಿ ನೋಟುಗಳನ್ನು ಎಣಿಸದೆ ಸುಟ್ಟ ಬಟ್ಟೆಯ ಕೆಳಗಿಟ್ಟಳು. ಬಾಗಿಲವರೆಗೂ ಬಂದಳು.

"ಹಳೇ ಮಾಲು, ನೋಡಿ. ಒಂದ್ಸಲ ಮನೆಯಿಂದ ಹೋದ್ಮೇಲೆ ನಾವು ವಾಪಸ್ ತಗೊಳ್ಳಲ್ಲ. ನಿಮ್ಮ ಯಜಮಾನ್ರಿಗೂ ಹೇಳಿಬಿಡಿ."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಏನೂ ಇರಲಿಲ್ಲ.

ಕಿಟಕಿ ಮುಚ್ಚಿದ್ದರಿಂದ ಗಾಜಿನ ಮೇಲಿನ ಬೆಳಕು ಸರಿದಿತ್ತು. ಚಪ್ಪಲಿ ಹುಡುಕುತ್ತ ಬಗ್ಗಿದ್ದವಳು ತಲೆ ಎತ್ತಿದಾಗ ಫೋಟೋ ನೇರ ಕಣ್ಣೆದುರಿಗಿತ್ತು. ಕೊರಳಲ್ಲಿ ಇದೇ ಕ್ಯಾಮೆರಾ, ಹೆಗಲ ಮೇಲೆ ಮಗು, ಬಾಯ್ತುಂಬ ನಗು. ಎಡಗಾಲಿನ ಚಪ್ಪಲಿಗೆ ಬಲಗಾಲು ತೂರಿಸಿದಳು. ತೆಗೆದು ಮತ್ತೆ ಹಾಕಿಕೊಂಡಳು.

"ಹುಷಾರು ಆಂಟಿ, ಮೆಟ್ಟಿಲು ಕಡಿದಾಗಿದೆ," ಎಂದ ಹುಡುಗ.

ಆಕೆ ಗೋಡೆ ಹಿಡಿದುಕೊಂಡೇ ಇಳಿದಳು. ಎದುರು ಬಂದ ಯಾರೋ ಏನೋ ಕೇಳಿದರು. ತಲೆಯಾಡಿಸಿದಳು, ಏನು ಕೇಳಿದರೆಂದು ತಿಳಿಯಲಿಲ್ಲ.

ಗಂಡ ಸ್ಕೂಟರಿಗೆ ಒರಗಿ ನಿಂತಿದ್ದ. ಬ್ಯಾಗು ಇಸಿದುಕೊಂಡ. ಜಿಪ್ ತೆಗೆಯಲಿಲ್ಲ. ಲೆನ್ಸು ಹೇಗಿದೆ, ಎಷ್ಟಕ್ಕೆ ಬಂತು, ಒಂದನ್ನೂ ವಿಚಾರಿಸಲಿಲ್ಲ. ಆಕೆ ನರೆತ ಗಡ್ಡದ ಆ ಮುಖವನ್ನೇ ನೋಡುತ್ತ ನಿಂತಳು.

"ಹುಡುಗ ನನಗಿಂತ ಎತ್ತರ ಬೆಳೆದಿದ್ದಾನಾ?" ಎಂದು ಕೇಳಿದ, ಗೋಡೆಯ ಮೇಲಿನ ಫೋಟೋದಲ್ಲಿದ್ದವನು.