ಮಾಸ್ತರರ ಪಾಲಿನ ನಡಿಗೆ

“ಹೆಜ್ಜಿ ಗಟ್ಟಿ ಹಾಕು ಮಿಯಾ. ಕೆಳಗ ಅಡಗಿಮನಿಗಿ ಕೇಳಸಬೇಕು.”

ಉಸ್ಮಾನ ಮಿಯಾ ಗಟ್ಟಿಯಾಗಿ ಹೆಜ್ಜೆ ಹಾಕಿದರು. ಟ್ರೆಡ್‌ಮಿಲ್ ಧಡ್ ಧಡ್ ಎಂದಿತು. ಎದುರಿನ ಕುರ್ಚಿಯಲ್ಲಿ ಕೂತಿದ್ದ ಹಾವಗೆಪ್ಪ ಮಾಸ್ತರರು ಎರಡನೇ ಜಿಲೇಬಿಗೆ ಕೈ ಹಾಕಿದರು.

“ನಡೀಲತ್ತೀರೇನ್ರಿ?” ಕೆಳಗಿನಿಂದ ಮಾಸ್ತರರ ಹೆಂಡತಿ ಲಲಿತಾಬಾಯಿಯ ದನಿ ಬಂತು.

“ಹಾಂ... ನಡೀ... ಲತ್ತೇನಿ!” ಮಾಸ್ತರರು ಏದುಸಿರು ಬಿಟ್ಟರು. ಬಾಯಿ ತುಂಬ ಜಿಲೇಬಿ ಇದ್ದುದರಿಂದ ಏದುಸಿರಿಗೆ ಹೆಚ್ಚು ಕಷ್ಟಪಡಬೇಕಾಗಲಿಲ್ಲ.

ಈ ಕಳ್ಳಾಟಕ್ಕೆ ಮೂರು ತಿಂಗಳಾಗಿತ್ತು. ಬೀದರಿನ ಅವರ ಓಣಿಯಲ್ಲಿ ಪುಕ್ಕಟೆ ರಕ್ತ ತಪಾಸಣೆ ನಡೆದಾಗ ಮಾಸ್ತರರು ಮಿಯಾರನ್ನೂ ಕೈಹಿಡಿದು ಎಳೆದೊಯ್ದಿದ್ದರು. ಇಬ್ಬರೂ ರಕ್ತ ಕೊಟ್ಟರು. ತಪಾಸಣೆಯ ಚೀಟಿ ತರಲು ಮಾತ್ರ ಮಾಸ್ತರರೊಬ್ಬರೇ ಹೋದರು. ಉಸ್ಮಾನ ಮಿಯಾ ದವಾಖಾನೆ ಕಂಡರೆ ದಾರಿ ಬದಲಿಸುವ ಮನುಷ್ಯ. ಸಕ್ಕರೆ ಕಾಯಿಲೆ ಅವರ ಅಣ್ಣ ಫಕ್ರೋದ್ದೀನರ ಕಾಲು ತಿಂದಿತ್ತು, ಆಮೇಲೆ ಅಣ್ಣನನ್ನೇ ತಿಂದಿತ್ತು. ಯಾರಾದರೂ ಆ ಕಾಯಿಲೆಯ ಮಾತು ಎತ್ತಿದರೆ ಸಾಕು, ಮಿಯಾ ಎದ್ದು ಹೋಗುತ್ತಿದ್ದರು.

ಮಾಸ್ತರರು ಮುಖ ಬಾಡಿಸಿಕೊಂಡು ಮರಳಿದ್ದರು. “ನೀ ಪಾರಾದಿ ಮಿಯಾ. ಸಕ್ಕರಿ ಬಂದದ್ದು ನನಗ. ಮೂರು ತಿಂಗಳು ದಿನಾ ನಡೀಬೇಕಂತ. ಆಗೂ ಇಳೀಲಿಲ್ಲ ಅಂದ್ರ ಜೀವ ಇರೋತನ ಗುಳಗಿ, ಸೂಜಿ.”

ಭಾಲ್ಕಿಯ ಶಾಲೆಯಲ್ಲಿ ಮೂವತ್ತು ವರ್ಷ ಡ್ರಿಲ್ ಮಾಸ್ತರರಾಗಿದ್ದವರು ಅವರು. ಮಕ್ಕಳನ್ನು ಓಡಿಸಿದ್ದರೇ ಹೊರತು ತಾವು ಬೇವಿನ ಮರದ ನೆರಳು ಬಿಟ್ಟು ಕದಲಿದವರಲ್ಲ. “ಆಕಿ ಕೆಳಗ ಕುಂತು ಹೆಜ್ಜಿ ಎಣಸ್ತಾಳ. ನನ್ನ ಬದಲಿ ನೀ ನಡದುಬಿಡು” ಎಂದು ಅಂಗಲಾಚಿದರು. ದಿನವಿಡೀ ಕೂತು ಬಿದ್ರಿ ಹೂಜಿಗಳಿಗೆ ಬೆಳ್ಳಿ ತಂತಿ ಕೂರಿಸುವ ಉಸ್ಮಾನ ಮಿಯಾ ತಮ್ಮ ಕೆಲಸಕ್ಕಾದರೆ ಓಣಿಯ ತುದಿಗೂ ಆಟೋ ಹಿಡಿಯುವವರು. ಆದರೆ ನಲವತ್ತು ವರ್ಷದ ಗೆಳೆತನ. ಹೂಂ ಅಂದುಬಿಟ್ಟರು. ಔರಾದದಲ್ಲಿ ಯಾರದೋ ಮನೆಯಲ್ಲಿ ಒದ್ದೆ ಬಟ್ಟೆ ಹೊತ್ತು ನಿಂತಿದ್ದ ಈ ಯಂತ್ರವನ್ನು ತಂದು ಮಹಡಿಗೇರಿಸಿದವನು ಮಿಯಾರ ಮಗ ಜುನೈದನೇ.

ತಾವು ನಡೆಯಲು ಒಲ್ಲದ ಮಾಸ್ತರರು ನಡೆಸುವುದರಲ್ಲಿ ಮಹಾ ಕಟ್ಟುನಿಟ್ಟು. ಮೊದಲ ದಿನ ಲುಂಗಿಯುಟ್ಟು ಬಂದ ಮಿಯಾಗೆ “ಪಟ್ಟಿಗಿ ಸಿಕ್ಕರ ಲುಂಗಿ ಒಳಗ, ನೀ ಹೊರಗ!” ಎಂದು ಗದರಿ ತಮ್ಮ ಹಳೆಯ ಟ್ರ್ಯಾಕ್ ಪ್ಯಾಂಟು ತೊಡಿಸಿದರು. ಬೂಟಿನ ಲಾಡಿ ತಾವೇ ಬಗ್ಗಿ ಬಿಗಿದರು. ಕೆಂಪು ಕೀಲಿಯ ದಾರ ಅಂಗಿಗೆ ಸಿಕ್ಕಿಸದೆ ಗುಂಡಿ ಒತ್ತುವಂತಿಲ್ಲ. ಮನುಷ್ಯ ಜಾರಿದರೆ ಯಂತ್ರ ತಾನಾಗಿ ನಿಲ್ಲಬೇಕು. ಎರಡೂ ಅಂಚಿಗೆ ಕಾಲಿಟ್ಟು ನಿಂತು, ಪಟ್ಟಿ ಮೆಲ್ಲಗೆ ಹೊರಟ ಮೇಲೆಯೇ ಹೆಜ್ಜೆ. ಮೊದಲ ಐದು ನಿಮಿಷ ನಿಧಾನ, ಕೊನೆಯ ಐದು ನಿಮಿಷವೂ ನಿಧಾನ.

“ಕಾಲು ನೋಡಬ್ಯಾಡ, ಮುಂದ ನೋಡು. ಏ, ಜಿಗಿಬ್ಯಾಡ! ಪಟ್ಟಿ ನಿಂತ ಮ್ಯಾಲ ಇಳಿ.”

ಇಳಿದ ಮೇಲೆ ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯಬೇಕು. ಮಾಸ್ತರರು ಇಪ್ಪತ್ತರವರೆಗೆ ಎಣಿಸುತ್ತಾರೆ. ಹದಿನೆಂಟಕ್ಕೆ ಬಿಟ್ಟರೆ ಮತ್ತೆ ಒಂದರಿಂದ ಶುರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ, ಇಲ್ಲಿ ತಿನ್ನುವುದು ಜಿಲೇಬಿ. ಅದರಲ್ಲೂ ಮಿಯಾಗೆ ಒಂದು ಚೂರು ಕೊಡುವ ಮಾತಿಲ್ಲ. “ನಡದವರು ಸಿಹಿ ತಿನಬಾರದು” ಎಂಬುದು ಮಾಸ್ತರರ ಕಾನೂನು.

ಕೆಳಗಿಳಿದರೆ ಲಲಿತಾಬಾಯಿ ಇಬ್ಬರಿಗೂ ಸಪ್ಪೆ ಚಹಾ ಕೊಡುತ್ತಿದ್ದರು. “ಬ್ಯಾನಿ ಇದ್ದಲ್ಲಿ ಎಲ್ಲರಿಗೂ ಒಂದೇ ಚಹಾ, ಭಾಯಿ.” ಒಮ್ಮೆ ದಿಟ್ಟಿಸಿ ನೋಡಿದರು. “ನಡದವರು ಅವರು, ಬೆವರು ನಿಮಗ್ಯಾಕರಿ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಮಿಯಾ ಹಣೆ ಒರೆಸಿಕೊಂಡರು. ಲಲಿತಾಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ಮಿಯಾಗೆ ಒಳಗೊಳಗೇ ಸಂಕಟ. ತಾನು ನಡೆದರೆ ಮಾಸ್ತರರ ಸಕ್ಕರೆ ಹೇಗೆ ಇಳಿದೀತು? ಮಾಸ್ತರರ ಕಾಲು ನೋಡಿದಾಗಲೆಲ್ಲ ಅಣ್ಣನ ಕಾಲು ನೆನಪಾಗುತ್ತಿತ್ತು. “ಇವತ್ತರ ನೀ ಹತ್ತು ಮಾಸ್ತರ” ಎಂದು ದಿನವೂ ಬೇಡಿಕೊಂಡರು. “ನಾಳಿ” ಎನ್ನುತ್ತಿದ್ದರು ಮಾಸ್ತರರು. ಮಿಯಾರ ಪೈಜಾಮ ಸಡಿಲವಾಗಿತ್ತು. ಚಿಂತೆಗೆ ಸೊರಗಿದ್ದೇನೆ ಎಂದುಕೊಂಡರು.

ಮೂರು ತಿಂಗಳು ತುಂಬಿದ ದಿನ ಮತ್ತೆ ರಕ್ತ ಕೊಡಲು ಹೋದಾಗ ಮಾಸ್ತರರು ಸೂಜಿ ಕಂಡು ಹಿಂದೆ ಸರಿದರು. “ಮೊದಲ ನೀ ಕೊಡು ಮಿಯಾ. ನೋಡಿ ನನಗ ಧೈರ್ಯ ಬರಲಿ.” ಗೆಳೆಯನಿಗಾಗಿ ಮಿಯಾ ಕಣ್ಣು ಮುಚ್ಚಿ ತೋಳು ಚಾಚಿದರು.

ಮರುದಿನ ಡಾಕ್ಟರ್ ಆಮ್ರಪಾಲಿಯ ಕೋಣೆ. ಭಾಲ್ಕಿಯಲ್ಲಿ ಮಾಸ್ತರರ ಸೀಟಿಯ ಸದ್ದಿಗೆ ಓಡಿ ಬೆಳೆದ ಹುಡುಗಿ ಆಕೆ. ಕಾಗದ ಕೈಗೆತ್ತಿಕೊಂಡಳು. ಮಾಸ್ತರರು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದರು. ಮಿಯಾರಿಗೆ ತಡೆಯಲಾಗಲಿಲ್ಲ. ಎದ್ದು ನಿಂತರು, ಕಣ್ಣು ತುಂಬಿ ಬಂದವು.

“ತಪ್ಪು ನಂದದರಿ ಡಾಕ್ಟರಮ್ಮ. ಮಾಸ್ತರ ಒಂದು ದಿವಸಾನೂ ನಡದಿಲ್ಲರಿ. ಅವರ ಬದಲಿ ನಾನೇ ನಡದೇನಿ. ಗೆಳೆಯಾನ ಜೀವಕ್ಕ ನಾನೇ ಕುತ್ತ ತಂದೇನಿ. ಸೂಜಿ ಹಾಕೋದಿದ್ರ ನನಗ ಹಾಕ್ರಿ, ಅವರಿಗಿ ಬ್ಯಾಡ್ರಿ.”

ಆಮ್ರಪಾಲಿ ಕಾಗದ ಕೆಳಗಿಟ್ಟಳು. ಮಾಸ್ತರರು ಇನ್ನೂ ಕ್ಯಾಲೆಂಡರನ್ನೇ ನೋಡುತ್ತಿದ್ದರು, ಆದರೆ ಅವರ ಹೆಗಲು ನಗುವಿಗೆ ಅಲುಗುತ್ತಿತ್ತು.

“ಯಾರಿಗೂ ಸೂಜಿ ಬ್ಯಾಡ, ಉಸ್ಮಾನ ಭಾಯಿ. ಸಕ್ಕರಿ ಬಂದದ್ದೇ ನಿಮಗ, ಈಗ ಇಳದದ.”