ಕದ್ದರೆ ಬರುವ ಗಿಡ

"ಅಮ್ಮಾಜೀ, ನಾನು ಬಾವಿ ಕಡೆ ಹೋಗ್ತಿದೀನಿ ಕಣಮ್ಮ. ಬರೋದು ತಡ ಆಗುತ್ತೆ," ಎಂದು ಮುನಿಗಂಗಪ್ಪ ಹಿತ್ತಲಿನಿಂದ ಮತ್ತೆ ಕೂಗಿದ. ಮೊದಲ ಸಲ ಗಂಡನ ಮನೆಗೆ ಹೊರಟಿದ್ದ ಮಗಳು ಟ್ರಂಕಿಗೆ ಸೀರೆ ಜೋಡಿಸುತ್ತಾ ಹೂಂ ಅಂದಳೇ ಹೊರತು ಹಿತ್ತಲಿಗೆ ಕಾಲಿಡಲಿಲ್ಲ.

ಅಲ್ಲಿ ಒಡಕು ಮಡಕೆಯಲ್ಲಿ ಆ ಗಿಡವಿತ್ತು. ನೆಲಕ್ಕಂಟಿ ನಕ್ಷತ್ರದಂತೆ ಹರಡಿದ ಎಲೆ, ಮೇಲೆಲ್ಲ ಹಾವಿನ ಪಟ್ಟೆ, ಅಂಚಿಗೆ ಸಣ್ಣ ಮುಳ್ಳು. ಜಂಗಮಕೋಟೆಯವರು ಅದನ್ನು 'ಹಣ್ಣು ಬಿಡದ ಅನಾನಸ್' ಎಂದು ಗೇಲಿ ಮಾಡುತ್ತಿದ್ದರು. ಹತ್ತು ವರ್ಷದ ಹಿಂದೆ, ಯುದ್ಧ ಮುಗಿದ ಹೊಸತರಲ್ಲಿ, ಬೆಂಗಳೂರು ದಂಡಿನ ಬಂಗಲೆಯೊಂದರಿಂದ ಮುನಿಗಂಗಪ್ಪನೇ ಅದರ ಒಂದು ಮರಿಗಿಡವನ್ನು ಪಂಚೆಯಲ್ಲಿ ಎಗರಿಸಿಕೊಂಡು ಬಂದಿದ್ದ. ಮಣ್ಣಿಗೆ ಮರಳು ಬೆರೆಸಿ, ರೇಷ್ಮೆ ಹುಳದ ಹಿಕ್ಕೆ ಹಾಕಿ, ಮರಿಯಿಂದ ಮರಿ ಎಬ್ಬಿಸಿದ್ದ. ಕೇಳಿ ತಂದ ಗಿಡ ಬರುವುದಿಲ್ಲ, ಕದ್ದು ತಂದದ್ದೇ ಬರುವುದು ಎನ್ನುವುದು ಅವನ ಪಾಲಿನ ವೇದವಾಕ್ಯ. ಹಾಗಾಗಿ ಕೇಳಿದವರಿಗೆ ಕೊಡುತ್ತಿರಲಿಲ್ಲ. ಕದಿಯಲು ಬಂದವರನ್ನು ಮಾತ್ರ ಕಂಡೂ ಕಾಣದಂತೆ ಇದ್ದುಬಿಡುತ್ತಿದ್ದ.

ಅಪ್ಪನ ಈ ಗುಟ್ಟು ಪುಟ್ಟ ಅಮ್ಮಾಜಿಗೆ ಎಲ್ಲಿ ತಿಳಿಯಬೇಕು? ಲಂಗ ಎತ್ತಿ ಕಟ್ಟಿ, ಕೋಲು ಹಿಡಿದು, "ನಮ್ಮಪ್ಪನ ಗಿಡ ಮುಟ್ಟಿದ್ರೆ ನೋಡು!" ಎಂದು ಬೀದಿ ಹೆಂಗಸರನ್ನೆಲ್ಲ ಓಡಿಸುತ್ತಿದ್ದಳು. ಆ ದಿನಗಳು ನೆನಪಾಗಿ ಮುನಿಗಂಗಪ್ಪನಿಗೆ ನಗುವೂ ಬಂತು, ಕಣ್ಣೂ ತುಂಬಿತು.

ಈ ಸಲ ಗಿಡದ ನಡುವೆ ಬಿಳಿ ಹೂ ಬಿಟ್ಟಿತ್ತು. ಹೂ ಬಿಟ್ಟ ಮೇಲೆ ತಾಯಿ ಗಿಡ ಉಳಿಯುವುದಿಲ್ಲ. ಇದ್ದದ್ದು ಒಂದೇ ಮರಿ. ಬೆರಳು ತಾಗಿದರೆ ಕೈಗೆ ಬರುವಷ್ಟು ಸಡಿಲವಾಗಿ ಎಲೆಗಳ ಸಂದಿಯಲ್ಲಿ ಕೂತಿತ್ತು. ತನಗೆ ಉಳಿಯದಿದ್ದರೂ ಸರಿ, ಅದು ಚಿಂತಾಮಣಿಯಲ್ಲಿ ಮಗಳ ಹಿತ್ತಲಲ್ಲಿ ಬೆಳೆಯಬೇಕು, ತವರಿನದು ಎಂದು ಅವಳು ನೀರೆರೆಯಬೇಕು. ಅವನಿಗಿದ್ದ ಆಸೆ ಅಷ್ಟೇ.

ತಡೆಯಲಾರದೆ ಒಳಗೆ ಬಂದ. "ಆ ಮರಿ ಬಲಿತುಬಿಟ್ಟಿದೆ ಕಣಮ್ಮ. ಯಾರಾದ್ರೂ ಎತ್ಕೊಂಡು ಹೋದ್ರೂ ನಂಗೆ ಗೊತ್ತಾಗಲ್ಲ."

"ಅಯ್ಯೋ, ತಾಳಪ್ಪ!" ಎಂದವಳೇ ಅಮ್ಮಾಜಿ ಎದ್ದು ಹೋಗಿ ಹಿತ್ತಲ ಬಾಗಿಲಿಗೆ ಅಗಳಿ ಹಾಕಿ ಬಂದಳು.

ಬಸ್ಸು ಬಂತು. ಅಳಿಯ ಟ್ರಂಕು ಎತ್ತಿಕೊಂಡ. ಮಗಳು ಕಾಲಿಗೆ ಬಿದ್ದು ಅತ್ತಳು, ಹತ್ತಿ ಕೂತಳು, ಹೋದಳು.

ಮುನಿಗಂಗಪ್ಪ ನೆಟ್ಟಗೆ ಹಿತ್ತಲಿಗೆ ಬಂದು ನೋಡಿದ. ಮರಿ ಇದ್ದಲ್ಲೇ ಇತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತ.

"ಮುಟ್ಟಲೇ ಇಲ್ಲ ಕಣೇ ನಿನ್ನ ಮಗಳು."

"ಹೋಗ್ಲಿ ಬಿಡಿ," ಎಂದಳು ಹೆಂಡತಿ ಕೊಂಡಮ್ಮ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ. "ಅಷ್ಟು ಆಸೆ ಇದ್ರೆ, ಮಡಿಲು ತುಂಬೋವಾಗ ನೀವೇ ಕೈಯಾರೆ ಕೊಡಬೌದಿತ್ತಲ್ಲ."

"ಕೊಟ್ಟಿದ್ದು ಎಲ್ಲಾದ್ರೂ ಬೇರು ಬಿಡುತ್ತೇನೇ? ಕೇಳಿದೋರಿಗೆ ಕೊಟ್ರೆ ಒಣಗಿ ಹೋಗುತ್ತೆ. ನಿಂಗೇನು ಗೊತ್ತು?"

ಕೊಂಡಮ್ಮನ ಕೈ ಕಣ್ಣಿನ ಹತ್ತಿರವೇ ನಿಂತಿತು.

"ಅಮ್ಮಾಜೀನೂ ಕೇಳ್ಕೊಂಡು ಬಂದೋರಿಗೇ ಅಲ್ವಾ, ನಾವು ಕೊಟ್ಟಿದ್ದು?"