ಸೀಲು ಬೀಳದ ಕಾಗದ

ಲಕೋಟೆಯ ಅಂಚಿಗೆ ಕತ್ತರಿ ತಾಗಿಸಿದ ಕೈ ಹಾಗೇ ನಿಂತುಬಿಟ್ಟಿತು.

ಅಕ್ಷರ ಗುರುತಿನದು. ಹೊಟ್ಟೆ ಉಬ್ಬಿಸಿಕೊಂಡ ದುಂಡು ಅಕ್ಷರ. ಟಪಾಲು ರಿಜಿಸ್ಟರಿನ ಮೊದಲರ್ಧವೆಲ್ಲ ಅದೇ ಬರಹ, ಉಳಿದರ್ಧ ಕತ್ತರಿ ಹಿಡಿದ ಈಕೆಯದು. ಪುಸ್ತಕ ಎರಡು ತುಂಡಾದಂತೆ ಕಾಣಬಾರದೆಂದು ಈಕೆ ಬಂದ ವಾರದಲ್ಲೇ ತನ್ನ ಮೊನಚು ಅಕ್ಷರವನ್ನು ದುಂಡಗೆ ತಿದ್ದಿಕೊಂಡಿದ್ದಳು.

ಕಚೇರಿಯಲ್ಲಿ ಈಕೆಯ ಹೆಸರು ‘ಬದಲಿ’. ಹೆರಿಗೆ ರಜೆಗೆ ಹೋದವಳ ಬದಲಿಗೆ ಬಂದವಳು. ಹೋದವಳು ‘ಬಾಣಂತಿ’. ಇಬ್ಬರಿಗೂ ಹೆತ್ತವರು ಇಟ್ಟ ಹೆಸರುಗಳಿದ್ದವು. ನೀರಿನ ಮೀಟರಿನ ದೂರುಗಳಲ್ಲಿ ಮುಳುಗಿದ್ದ ಆ ಕಚೇರಿಗೆ ಅವನ್ನು ನೆನಪಿಟ್ಟುಕೊಳ್ಳುವಷ್ಟು ಪುರುಸೊತ್ತಿರಲಿಲ್ಲ.

ಹಿಂದಿನ ವಾರ ಹೆಡ್‌ಕ್ಲರ್ಕ್ ಪಕ್ಕದ ಮೇಜಿನವರಿಗೆ ಹೇಳಿದ್ದು ಬದಲಿಯ ಕಿವಿಗೂ ಬಿದ್ದಿತ್ತು. “ಕೆಲಸಕ್ಕೆ ವಾಪಸ್ ಬರೋ ಬಗ್ಗೆ ಹದಿನೈದರೊಳಗೆ ಬಾಣಂತಿ ಕಾಗದ ಬರಬೇಕು. ಬರ್ಲಿಲ್ವೋ, ಕೆಲಸ ಬಿಟ್ಟ ಹಾಗೇ ಲೆಕ್ಕ.” ಆಮೇಲೆ ಅವರು ಇನ್ನೂ ಏನೋ ಹೇಳಿದರು. ಅಷ್ಟರಲ್ಲಿ ಫೋನು ಬಡಿದುಕೊಂಡಿತ್ತು.

ಇವತ್ತು ಹದಿನಾಲ್ಕು.

ಆ ಕಚೇರಿಯ ವೇದವಾಕ್ಯ ಒಂದೇ: ಸೀಲು ಬೀಳದ ಕಾಗದ ಹುಟ್ಟಿಯೇ ಇಲ್ಲ. ಬಂದ ಲಕೋಟೆ ಕತ್ತರಿಸಬೇಕು, ಕಾಗದ ತೆಗೆಯಬೇಕು, ತಾರೀಖಿನ ಸೀಲು ಒತ್ತಬೇಕು, ರಿಜಿಸ್ಟರಿಗೆ ಏರಿಸಬೇಕು. ಆ ಲೆಕ್ಕದಲ್ಲಿ ಬದಲಿ ದಿನಕ್ಕೆ ನೂರೈವತ್ತು ಹೆರಿಗೆ ಮಾಡಿಸುವ ಸೂಲಗಿತ್ತಿ.

ಸಂಬಳಕ್ಕಾಗಿ ಆಕೆ ಕೊರಗಿದವಳಲ್ಲ. ಒಂಟಿ ಜೀವ, ಒಂದು ಕೋಣೆ, ಒಂದು ತಟ್ಟೆ, ಒಂದು ಲೋಟ. ಶನಿವಾರ ಸಂಜೆ ಬೀಗ ತೆಗೆದು ಒಳಗೆ ಹೋದರೆ ಸೋಮವಾರ ಬೆಳಿಗ್ಗೆ “ನಮಸ್ಕಾರ ಸರ್” ಅನ್ನುವವರೆಗೆ ಬಾಯಿಗೆ ಕೆಲಸವಿಲ್ಲ. ಸೋಮವಾರದ ಮೊದಲ ಮಾತು ತುಕ್ಕು ಹಿಡಿದ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ಒಮ್ಮೆ ಹೆಡ್‌ಕ್ಲರ್ಕ್ “ನೆಗಡೀನಾ?” ಎಂದು ಕೇಳಿದ್ದರು. ಆ ಒಂದು ಪ್ರಶ್ನೆಯನ್ನು ಆಕೆ ವಾರವಿಡೀ ಮೆಲುಕು ಹಾಕಿದ್ದಳು.

ಫೋನು ಬಡಿದುಕೊಂಡಿತು.

“ನಾನೇ ಕಣ್ರೀ, ಬಾಣಂತಿ.” ಹಿಂದೆ ಮಗುವಿನ ರಾಗ. ಮೊದಮೊದಲು ಯಾವ ಫೈಲು ಎಲ್ಲಿದೆಯೆಂದು ಕೇಳಲು ಬದಲಿಯೇ ಫೋನು ಮಾಡುತ್ತಿದ್ದಳು. ಈಚೆಗೆ ಬಾಣಂತಿ ಮಾಡುತ್ತಿದ್ದಳು, ಕೇಳುವುದು ಏನೂ ಇಲ್ಲದಿದ್ದರೂ. ಕುರ್ಚಿಗೆ ಕಾವಲು ಎಂದು ಬದಲಿ ಅರ್ಥ ಮಾಡಿಕೊಂಡಿದ್ದಳು.

“ನಮ್ಮ ಕುರ್ಚಿ ಇನ್ನೂ ಅಲ್ಲಾಡತ್ತಾ?”

“ಇಲ್ಲ. ಕಾಲಿನ ಕೆಳಗೆ ರಟ್ಟು ಮಡಿಚಿ ಇಟ್ಟಿದೀನಿ.”

“ನೋಡಿ, ನಾಲ್ಕು ವರ್ಷ ಅಲ್ಲಾಡ್ತಾ ಕೂತೆ, ನನಗಿದು ಹೊಳೀಲೇ ಇಲ್ಲ.” ನಗು ಬಂದು ನಿಂತಿತು. “ಇವರು ಬೆಳಿಗ್ಗೆ ಹೋದ್ರೆ ಬರೋದು ಕತ್ತಲಾದ ಮೇಲೆ. ಇವನಿಗೆ ಬರೋ ಭಾಷೆ ‘ಊಂ’ ಒಂದೇ. ದೊಡ್ಡವರ ಮಾತು ಕೇಳಿ ಯುಗ ಆಯ್ತು ಕಣ್ರೀ. ನನ್ನ ಕಾಗದ ಬಂತಾ?”

ಬದಲಿ ಮುಂದಿದ್ದ ಲಕೋಟೆಯನ್ನು ನೋಡಿದಳು. “ಇವತ್ತಿನ ಟಪಾಲು ಇನ್ನೂ ಬಿಡಿಸಿಲ್ಲ.”

“ನಿಮ್ಮ ಕೈಗೇ ತಾನೇ ಬರೋದು, ಅದಕ್ಕೇ ನಿಶ್ಚಿಂತೆ. ಬಂದ ತಕ್ಷಣ ಒಡೆದು ನೋಡಿ, ಆಯ್ತಾ? ಬಾಯಲ್ಲಿ ಹೇಳೋಕೆ ಸಂಕೋಚ. ಅದಕ್ಕೇ ಬರೆದೆ.”

ಸಂಕೋಚವಂತೆ. ಎದ್ದು ಹೋಗು ಅನ್ನಲು ಯಾರಿಗಾದರೂ ಸಂಕೋಚವೇ.

ಬದಲಿ ಲಕೋಟೆ ಒಡೆಯಲಿಲ್ಲ. ಓದಿ ಬಚ್ಚಿಟ್ಟರೆ ಪಾಪ. ಓದದೆ ಇಟ್ಟರೆ ಬರೀ ಮರೆವು. ಮೇಜಿನ ಖಾನೆಯ ತಳಕ್ಕೆ ಹಾಸಿದ್ದ ಹಳೆಯ ಪತ್ರಿಕೆಯನ್ನು ಎತ್ತಿದಳು, ಲಕೋಟೆಯನ್ನು ಅದರಡಿಗೆ ಸರಿಸಿದಳು. ಮುಂದಿನ ಕಾಗದದ ಮೇಲೆ ಸೀಲು ಧಪ್ಪೆಂದು ಬಿತ್ತು.

ಹದಿನಾರರಂದು ಹೆಡ್‌ಕ್ಲರ್ಕ್ ಕರೆದರು. ಆಕೆ ಅವತ್ತು ಕನ್ನಡಿಯ ಮುಂದೆ ಎರಡು ನಿಮಿಷ ಹೆಚ್ಚೇ ನಿಂತು ಬಂದಿದ್ದಳು.

“ಬಾಣಂತಿ ಕಾಗದ ಬರ್ಲಿಲ್ಲ ಅಲ್ವೇನಮ್ಮ?”

“ರಿಜಿಸ್ಟರಿನಲ್ಲಿ ಇಲ್ಲ ಸರ್.” ಅದು ಸುಳ್ಳಾಗಿರಲಿಲ್ಲ.

“ಬೆಳಿಗ್ಗೆ ಫೋನ್ ಮಾಡಿದ್ಲು. ಕಳಿಸಿದ್ದೆ ಅಂತಾಳೆ. ‘ಆ ಮೇಜಿಗೆ ಬಂದ ಕಾಗದ ತಪ್ಪೋಕೆ ಸಾಧ್ಯವೇ ಇಲ್ಲ ಸರ್, ಅಂಚೆಯಲ್ಲೇ ಕಳೆದಿರಬೇಕು’ ಅಂದ್ಲು. ಸೀಲಿಲ್ಲದ ಕಾಗದಕ್ಕೆ ನಾನೇನು ಮಾಡ್ಲಿ?” ಅವರು ಕನ್ನಡಕ ತೆಗೆದು ಒರೆಸಿದರು. “ಮೇಲಿನವರಿಗೆ ಇಷ್ಟೇ ಬೇಕಿತ್ತು. ಹುದ್ದೆ ರದ್ದು. ನಾಳೆಯಿಂದ ಟಪಾಲು ಹಾಕೋಕೆ ಬಾಗಿಲಲ್ಲಿ ಒಂದು ಡಬ್ಬಿ ಇಡ್ತಾರಂತೆ. ನೀವು ಬರಬೇಕಾಗಿಲ್ಲಮ್ಮ.”

“ನಾನು ಬದಲಿ ಇದೀನಲ್ಲ ಸರ್.”

“ಯಾರಿಗೆ ಬದಲಿ? ಇದ್ದವಳೇ ಇಲ್ಲ ಅಂದ್ಮೇಲೆ ಬದಲಿ ಎಲ್ಲಿಂದ ಬಂತು? ಅವತ್ತು ಇದನ್ನೇ ಹೇಳಿದ್ನಲ್ಲ, ನೀವೂ ಅಲ್ಲೇ ಇದ್ರಿ.”

ಇದ್ದಳು. ಫೋನು ಎತ್ತಿಕೊಂಡಿದ್ದಳು.

ಖಾನೆ ಖಾಲಿ ಮಾಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಒಂದು ಬಾಚಣಿಗೆ, ಒಂದು ಚಮಚ, ಎರಡು ಪೆನ್ನು. ಕೊನೆಗೆ ಪತ್ರಿಕೆ ಎತ್ತಿದಳು. ಅವತ್ತು ಆಕೆ ನೋಡಿದ್ದು ಕೈಬರಹವನ್ನು ಮಾತ್ರ. ವಿಳಾಸವನ್ನು ಓದಿದ್ದು ಈಗ. ‘ಟಪಾಲು ಮೇಜಿನವರಿಗೆ’ ಎಂದಿತ್ತು. ಕತ್ತರಿ ತೆಗೆದುಕೊಂಡು ಅಂಚನ್ನು ಎಂದಿನಂತೆ ನೇರವಾಗಿ ಕತ್ತರಿಸಿದಳು.

ಒಳಗೆ ಹೆಡ್‌ಕ್ಲರ್ಕ್ ಹೆಸರಿಗೆ ಅರ್ಜಿ. ‘ವಾರವಿಡೀ ಮಗುವನ್ನು ಬಿಟ್ಟಿರಲಾರೆ. ವಾರವಿಡೀ ಮನೆಯಲ್ಲೂ ಇರಲಾರೆ. ಆದ್ದರಿಂದ ನನ್ನ ಹುದ್ದೆಯನ್ನು ಎರಡು ಅರ್ಧ ಮಾಡಿ, ಮೊದಲ ಮೂರು ದಿನ ನನಗೂ ಕೊನೆಯ ಮೂರು ದಿನ ಈಗ ಆ ಕುರ್ಚಿಯಲ್ಲಿ ಇರುವವರಿಗೂ ಖಾಯಂ ಮಾಡಿಕೊಡಬೇಕು. ಬುಧವಾರ ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಊಟಕ್ಕೆ ಕೂತು ಕೆಲಸ ಒಪ್ಪಿಸಿಕೊಳ್ಳುತ್ತೇವೆ.’

ಕೆಳಗೆ ಎರಡು ಸಹಿಗೆ ಜಾಗವಿತ್ತು: ಒಂದರಲ್ಲಿ ಆ ದುಂಡು ಅಕ್ಷರ, ಇನ್ನೊಂದು ಖಾಲಿ, ಅದರ ಪಕ್ಕ ಪೆನ್ಸಿಲಿನಲ್ಲಿ ಸಣ್ಣಗೆ, ‘ನೀವು ಇಲ್ಲಿ.’